ನಡೆದು ತೋರಿಸು ಎನ್ನುತ್ತಿದ್ದ ವೈನಿ

ನಮ್ಮ ಆಫೀಸಿಗೆ ಹೊಸದಾಗಿ ಸೇರಿದವರು ಮೊದಲ ವಾರವೇ ಒಂದು ವಿಚಿತ್ರ ನೋಡುತ್ತಾರೆ. ತಲೆ ಅರ್ಧ ನರೆತ ಎಂಜಿನಿಯರುಗಳು ಬಾಗಿಲಿನಿಂದ ಹಿಡಿದು ಕೊನೆಯ ಕಿಟಕಿಯವರೆಗೆ ಕಾರಿಡಾರಿನಲ್ಲಿ ಸಾಲಾಗಿ ನಿಂತಿರುತ್ತಾರೆ. ಅವರಲ್ಲೊಬ್ಬರು ಕೊರಳಿಗೆ ಕೆಂಪು ಟ್ಯಾಗು ಹಾಕಿಕೊಂಡು, ಒಬ್ಬೊಬ್ಬರ ಮುಂದೆಯೂ ನಿಂತು, ಕೇಳಿದ್ದಕ್ಕೆ ಉತ್ತರ ಕೊಟ್ಟು ಮುಂದಕ್ಕೆ ಹೋಗುತ್ತಾರೆ. ನಡುವೆ ಯಾರೋ ‘ಆಗಲ್ಲ, ವಾಪಸು ಹೋಗು’ ಎನ್ನುತ್ತಾರೆ. ಆಗ ಅವರು ಬಂದ ದಾರಿಯಲ್ಲೇ ತಿರುಗಿ ನಡೆಯುತ್ತಾರೆ. ಹೊಸಬರು ಯಾರದೋ ಹುಟ್ಟುಹಬ್ಬದ ಆಟವೆಂದುಕೊಂಡು ಮೊಬೈಲು ತೆಗೆದು ವಿಡಿಯೊ ಮಾಡಲು ನಿಲ್ಲುತ್ತಾರೆ. ಆಟವಲ್ಲ ಮಾರಾಯ, ಕೆಲಸ ನಡೆಯುತ್ತಿದೆ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ಇದನ್ನು ನಮಗೆ ಕಲಿಸಿದವರು ಹೋದ ತಿಂಗಳು ನಿವೃತ್ತರಾದರು. ಇನ್ನು ವಿವರಿಸುವ ಹೊಣೆ ನನ್ನ ತಲೆಗೇ ಬಂದಿರುವುದರಿಂದ ಒಮ್ಮೆ ಕೂತು ಬರೆದುಬಿಡುತ್ತೇನೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೆ ಸಿಟ್ಟು ಬರುತ್ತದೆ, ಆಫೀಸಿನ ಅರ್ಧ ಜನಕ್ಕೆ ಅದು ಯಾರ ಹೆಸರೆಂದು ಗೊತ್ತಾಗುವುದೂ ಇಲ್ಲ. ಎಲ್ಲರಿಗೂ ಅವರು ವೈನಿ. ತಾಳಿಕೋಟೆ ಕಡೆಯವರು. ಅಲ್ಲಿ ಅಣ್ಣನ ಹೆಂಡತಿಯನ್ನು ಹಾಗೆ ಕರೆಯುತ್ತಾರೆ. ಕಂಪನಿ ಶುರುವಾದಾಗ ಅವರ ಗಂಡನ ಗೆಳೆಯರೊಬ್ಬರು ಇಲ್ಲಿದ್ದರಂತೆ. ಅವರು ಮನೆಯಲ್ಲಿ ಕರೆದಂತೆ ಆಫೀಸಿನಲ್ಲೂ ಕರೆದರು, ಆ ಹೆಸರು ಅಂಟಿಕೊಂಡಿತು. ಕರೆದವರು ಕೆಲಸ ಬಿಟ್ಟು ಹೋದರೂ ಹೆಸರು ಹೋಗಲಿಲ್ಲ. ತೆಲುಗಿನವರಿಗೂ ವೈನಿ, ಹಿಂದಿಯವರಿಗೂ ವೈನಿ. ಕಂಪನಿಯ ಯಜಮಾನರಾದ ಎಂ.ಡಿ. ಸಾರ್ ಮಾತ್ರ ಗೌರವಕ್ಕೆ ಒಂದು ಬಾಲ ಸೇರಿಸಿ ‘ವೈನಿ ಮೇಡಂ’ ಎನ್ನುತ್ತಿದ್ದರು.

ನಾನು ತುಮಕೂರಿನವಳು. ಮದುವೆಯಾಗಿ ಹೈದರಾಬಾದಿಗೆ ಬಂದವಳು. ಮನೆ ಉಪ್ಪಲ್‌ನಲ್ಲಿ, ಆಫೀಸು ಕೂಕಟ್‌ಪಲ್ಲಿಯಲ್ಲಿ. ದಿನಾ ಮೆಟ್ರೊದಲ್ಲಿ ಊರಿನ ಆ ತುದಿಯಿಂದ ಈ ತುದಿಗೆ ನಿಂತುಕೊಂಡೇ ಬರುವವಳಿಗೆ ತಾಳ್ಮೆ ಎಲ್ಲಿಂದ ಬರಬೇಕು? ವೈನಿ ಮಿಯಾಪುರದವರು, ಮೂರೋ ನಾಲ್ಕೋ ಸ್ಟೇಷನ್ನು ಕುಳಿತು ಬರುವವರು. ನನ್ನ ಸಿಡುಕಿಗೆಲ್ಲ ಅದೇ ಕಾರಣ ಎಂದು ಅವರು ನಗುತ್ತಿದ್ದರು. ನಾನು ‘ಇದೆ’ ಎಂದರೆ ಅವರು ‘ಐತಿ’ ಎಂದು ತಿದ್ದುವುದು, ಅವರು ‘ಐತಿ’ ಎಂದರೆ ನಾನು ‘ಇದೆ’ ಎಂದು ತಿದ್ದುವುದು, ಇಷ್ಟು ವರ್ಷವಾದರೂ ಇಬ್ಬರೂ ಸೋಲಲಿಲ್ಲ.

ಅವರನ್ನು ನಾನು ಮೊದಲು ನೋಡಿದ್ದು ಇಂಟರ್‌ವ್ಯೂ ದಿನ. ನನಗಿಂತ ಮುಂಚೆ ಒಳಗೆ ಹೋದವರು ಮುಖ ಸಣ್ಣದು ಮಾಡಿಕೊಂಡು ಹೊರಗೆ ಬಂದರು. ಅವರ ಹಿಂದೆಯೇ ಕಾಟನ್ ಸೀರೆ, ಕಾಲಿಗೆ ಓಡುವವರ ಬೂಟು ತೊಟ್ಟ ಒಬ್ಬ ಹೆಂಗಸು ಬಂದರು. ಲಿಫ್ಟಿನ ತನಕ ಅವರ ಜೊತೆ ನಡೆದರು. ನಿಮ್ಮದು ಚೆನ್ನಾಗಿದೆ, ಆದರೆ ಈ ಕೆಲಸಕ್ಕೆ ಹೊಂದುವುದಿಲ್ಲ, ಇಂಥಿಂಥದ್ದು ಓದಿಕೊಳ್ಳಿ ಎಂದು ಹಿಂದಿಯಲ್ಲಿ ಹೇಳುತ್ತಿದ್ದದ್ದು ನನ್ನ ಕಿವಿಗೂ ಬಿತ್ತು. ಲಿಫ್ಟಿನ ಬಾಗಿಲು ಮುಚ್ಚುವವರೆಗೆ ಅಲ್ಲೇ ನಿಂತಿದ್ದರು. ಬೇಡವಾದವರನ್ನು ಇಷ್ಟು ಮರ್ಯಾದೆಯಿಂದ ಸಾಗಹಾಕುವ ಕಂಪನಿಯನ್ನು ನಾನು ಅದುವರೆಗೆ ನೋಡಿರಲಿಲ್ಲ. ಇಲ್ಲಿ ಕೆಲಸ ಸಿಗದಿದ್ದರೂ ಬೇಜಾರಿಲ್ಲ ಎಂದುಕೊಂಡು ಒಳಗೆ ಹೋದೆ, ಸಿಕ್ಕಿಬಿಟ್ಟಿತು.

ಆಮೇಲೆ ತಿಳಿಯಿತು, ಅದು ಅವರ ಮನೆಯ ರೂಢಿ. ಮಿಯಾಪುರದ ಅವರ ಅಪಾರ್ಟ್‌ಮೆಂಟಿಗೆ ಹೋದರೆ ಹೊರಡುವಾಗ ಗೇಟಿನ ತನಕ ಇಳಿದು ಬರುತ್ತಾರೆ. ಗ್ಯಾಸ್ ಸಿಲಿಂಡರ್ ತಂದವರೂ ಅವರ ಮನೆಯಿಂದ ಒಂದು ಚೂರು ಬೆಲ್ಲ, ನೀರು ಇಲ್ಲದೆ ಇಳಿದು ಹೋಗುವಂತಿಲ್ಲ. ಒಮ್ಮೆ ಸೋಫಾ ಮಾರಲು ಬಂದವರ ಜೊತೆ ಬೆಲೆಯ ಮೇಲೆ ಜೋರು ಜಗಳವಾಯಿತು. ಸೋಫಾ ಬೇಡವೆಂದು ಖಡಾಖಂಡಿತ ಹೇಳಿದರು. ಆದರೂ ಲಿಫ್ಟಿನ ತನಕ ಬಂದು, ಬಿಸಿಲು ಜೋರಿದೆ, ನೆರಳಲ್ಲಿ ಹೋಗಿರೆಂದು ಹೇಳಿ ಕಳಿಸಿದರು. ನಾನು ಕಣ್ಣಾರೆ ಕಂಡೆ. ಇದೇನು ವೈನಿ ಎಂದು ಕೇಳಿದ್ದಕ್ಕೆ ಅವರು ಹೇಳಿದ ಮಾತು ಇದು:

“ಬಂದಾವ್ರನ್ನ ಒಳಗ ಕರಕೊಳ್ಳೋದು ಎಲ್ಲಾರಿಗೂ ಬರ್ತೈತಿ. ಕಳಸೋದು ಬರಂಗಿಲ್ಲ.”

ಅವರ ಕೆಲಸ ಏನೆಂದು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ನೀವು ಮೊಬೈಲಿನಲ್ಲಿ ಬಸ್ಸಿನ ಟಿಕೆಟ್ ಕಾಯ್ದಿರಿಸಲು ಒಂದು ಗುಂಡಿ ಒತ್ತುತ್ತೀರಿ. ಆ ಕೋರಿಕೆ ಎಲ್ಲೋ ಇರುವ ಒಂದು ಸರ್ವರಿಗೆ ಹೋಗುತ್ತದೆ. ನಾವು ಅದನ್ನು ರಿಕ್ವೆಸ್ಟ್ ಎನ್ನುತ್ತೇವೆ. ಟಿಕೆಟ್ ಕೊಡುವುದು ಮುಖ್ಯ ಕೆಲಸ ನಿಜ, ಆದರೆ ಅದಕ್ಕೆ ಮುಂಚೆ ಕೆಲವು ಕೆಲಸಗಳಾಗಬೇಕು. ಸೀಟುಗಳ ವಿವರವಿರುವ ಡೇಟಾಬೇಸಿಗೆ ಒಂದು ಸಂಪರ್ಕ ತೆಗೆದುಕೊಳ್ಳಬೇಕು, ನೀವು ಯಾರೆಂದು ನೋಡಬೇಕು, ಬುಕಿಂಗ್ ತೆರೆದಿದೆಯೇ ಎಂದು ನೋಡಬೇಕು. ಇಂಥ ಸಂಪರ್ಕಗಳು ಎಣಿಸಿದಷ್ಟೇ ಇರುವುದರಿಂದ, ಮುಖ್ಯ ಕೆಲಸ ಮುಗಿದ ಮೇಲೆ ಅದನ್ನು ವಾಪಸು ಕೊಡಬೇಕು. ಹೀಗೆ ಹಿಂದೆ ಮುಂದೆ ಆಗಬೇಕಾದ ಚಿಕ್ಕ ಕೆಲಸಗಳಿಗೆ ಕಾಲ್‌ಬ್ಯಾಕ್ ಎಂದು ಹೆಸರು. ಯಾವುದು ಯಾವಾಗ ನಡೆಯಬೇಕು, ಯಾರ ನಂತರ ಯಾರು ಎಂಬ ಏರ್ಪಾಟನ್ನು ಮಾಡಿಕೊಡುವುದು ಫ್ರೇಮ್‌ವರ್ಕ್. ನಮ್ಮ ಕಂಪನಿಯ ಫ್ರೇಮ್‌ವರ್ಕನ್ನು ವೈನಿ ತಮ್ಮ ಕೈಯಾರೆ ಕಟ್ಟಿದ್ದರು. ಅದಕ್ಕೆ ‘ಹಾದಿ’ ಎಂದು ಹೆಸರಿಟ್ಟಿದ್ದರು. ನಮ್ಮ ಗಿರಾಕಿಗಳ ಸೈಟುಗಳೆಲ್ಲ ಅದರ ಮೇಲೆಯೇ ನಿಂತಿದ್ದವು.

ಹಾದಿಯ ವಿಷಯದಲ್ಲಿ ಯಾರಾದರೂ ಹೊಸ ಉಪಾಯ ತಂದರೆ ವೈನಿ ಸರಿ ಎನ್ನುತ್ತಿರಲಿಲ್ಲ, ತಪ್ಪು ಎನ್ನುತ್ತಲೂ ಇರಲಿಲ್ಲ. ಕನ್ನಡಕ ತೆಗೆದು ಅದರ ಕಡ್ಡಿಯನ್ನು ಹಲ್ಲಲ್ಲಿ ಕಚ್ಚಿ, “ಬಾಯಿಲೆ ಹೇಳಬ್ಯಾಡ. ನಡದು ತೋರ್ಸು” ಎನ್ನುತ್ತಿದ್ದರು. ಹೇಳಿದವರೇ ರಿಕ್ವೆಸ್ಟ್ ಆಗಿ ಕಾರಿಡಾರಿನಲ್ಲಿ ನಡೆಯಬೇಕು. ಉಳಿದವರು ಕಾಲ್‌ಬ್ಯಾಕ್ ಆಗಿ ಸಾಲಲ್ಲಿ ನಿಲ್ಲಬೇಕು. ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು. ಎರಡು ಡಿಗ್ರಿ ಮಾಡಿಕೊಂಡು ಬಂದು ಇಲ್ಲಿ ಕಂಬದ ಹಾಗೆ ನಿಲ್ಲಬೇಕೇ ಎಂದು ಗೊಣಗಿದೆ. ವೈನಿಗೆ ಕೇಳಿಸಿತು. ಹಾಗಾದರೆ ಕಂಬವೇ ಆಗು, ರಿಕ್ವೆಸ್ಟ್ ನಿನಗೆ ಢಿಕ್ಕಿ ಹೊಡೆದರೆ ಏನಾಗುತ್ತದೆ ನೋಡೋಣ ಎಂದು ನನ್ನನ್ನು ನಡುವೆಯೇ ನಿಲ್ಲಿಸಿದರು. ಢಿಕ್ಕಿ ಹೊಡೆಯಲು ಬಂದವನು ಇಮ್ರಾನ್. ಕಲಬುರಗಿಯವನು, ನನ್ನ ಪಕ್ಕದ ಕುರ್ಚಿಯವನು, ಆರಡಿ ಎತ್ತರದ ಆಳು. ಅವತ್ತಿನಿಂದ ನಾನು ಗೊಣಗುವುದನ್ನು ಬಿಟ್ಟೆ.

ಇಷ್ಟೆಲ್ಲ ಮಾಡುತ್ತಿದ್ದ ವೈನಿಯ ಹಾದಿಗೇ ಕುತ್ತು ಬಂತು. ಹೈದರಾಬಾದಿನಿಂದ ರಾಯಚೂರು, ಕಲಬುರಗಿ, ವಿಜಯಪುರ ಕಡೆಗೆ ಬಸ್ಸು ಓಡಿಸುವ ಒಂದು ಖಾಸಗಿ ಕಂಪನಿ ನಮ್ಮ ದೊಡ್ಡ ಗಿರಾಕಿ. ವರ್ಷವಿಡೀ ಅವರ ಸೈಟು ನೆಟ್ಟಗೆ ನಡೆಯುತ್ತಿತ್ತು. ದಸರೆಯ ಬುಕಿಂಗ್ ತೆರೆಯುವ ದಿನ ಮಾತ್ರ ಸ್ವಲ್ಪ ಹೊತ್ತಿನಲ್ಲೇ ಜಪ್ಪಯ್ಯ ಎಂದರೂ ಅಲುಗಾಡುತ್ತಿರಲಿಲ್ಲ. ಒಂದು ವರ್ಷ ಜನ ಹೆಚ್ಚು ಎಂದೆವು, ಇನ್ನೊಂದು ವರ್ಷ ಸರ್ವರ್ ಚಿಕ್ಕದು ಎಂದೆವು. ದೊಡ್ಡ ಸರ್ವರ್ ಹಾಕಿದರೂ ಅದೇ ಕಥೆ. ಎಂ.ಡಿ. ಸಾರ್ ಹೊರಗಿನಿಂದ ಒಬ್ಬ ಸಲಹೆಗಾರರನ್ನು ಕರೆಸಿದರು. ಅವರು ಎರಡು ದಿನ ಎ.ಸಿ. ಕೋಣೆಯಲ್ಲಿ ಕೂತು, ಮನೆಯಲ್ಲಿ ಮಾಡಿದ ಫ್ರೇಮ್‌ವರ್ಕ್ ಯಾಕೆ, ಅದನ್ನು ಎತ್ತಿ ಬಿಸಾಕಿ, ಜಗತ್ತೆಲ್ಲ ಬಳಸುವುದನ್ನು ತನ್ನಿ ಎಂದು ಹೇಳಿ ಹೋದರು. ಸಾರ್ ನಮ್ಮನ್ನು ಕರೆದು ನೇರವಾಗಿಯೇ ಹೇಳಿದರು. ಬರುವ ದಸರೆಗೂ ಸೈಟು ನಿಂತರೆ ಹಾದಿಗೆ ಬಾಗಿಲು ಹಾಕುವುದು, ನಮ್ಮ ಐವರನ್ನು ಬೇರೆ ಬೇರೆ ತಂಡಗಳಿಗೆ ಹಂಚುವುದು. ವೈನಿಯ ನಿವೃತ್ತಿಗೆ ಆಗ ಹೆಚ್ಚು ಕಾಲ ಉಳಿದಿರಲಿಲ್ಲ. ಇಡೀ ಆಯುಷ್ಯ ಕಟ್ಟಿದ್ದನ್ನು ಕಣ್ಣೆದುರೇ ಗುಜರಿಗೆ ಹಾಕಿಸಿಕೊಂಡು ಮನೆಗೆ ಹೋಗಬೇಕು ಎಂದಾಯಿತು. ಅವರು ಮಾತ್ರ ಸಾರ್‌ಗೆ ಆಯಿತು ಎಂದಷ್ಟೇ ಹೇಳಿ ಎದ್ದು ಬಂದರು.

ಅವರನ್ನು ಕಾಡಿದ್ದು ಬೇರೆಯೇ. ಅವರ ಅಪಾರ್ಟ್‌ಮೆಂಟಿನ ಪಕ್ಕದಲ್ಲಿ ಹೊಸ ಕಟ್ಟಡ ಏಳುತ್ತಿತ್ತು. ಅಲ್ಲಿ ಇಟ್ಟಿಗೆ ಹೊರುವವರೆಲ್ಲ ಸುರಪುರ ಕಡೆಯವರು. ಅವರಲ್ಲಿ ದೇವಮ್ಮ ಎಂಬವರೊಡನೆ ವೈನಿಗೆ ಗೇಟಿನ ಬಳಿ ದಿನಾ ಮಾತು. ಹಿಂದಿನ ದಸರೆಗೆ ದೇವಮ್ಮ ಊರಿಗೆ ಹೋಗಲೇ ಇಲ್ಲ. ಮೊಬೈಲು ಹಿಡಿದು ಅರ್ಧ ದಿನ ಕೂತರೂ ಸೈಟು ಸೀಟು ಕೊಡಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಅದು ನಾವೇ ಮಾಡಿದ ಸೈಟು ಎಂದು ಹೇಳಲು ವೈನಿಗೆ ಬಾಯಿ ಬರಲಿಲ್ಲವಂತೆ.

“ಸೀಟ್ ಇಲ್ಲ ಅಂತಾದ್ರೂ ಹೇಳಬೇಕಲ್ಲ? ಸುಮ್ಮ ಚಕ್ರ ತಿರಗಾಕತ್ತಿತ್ತಂತ” ಎಂದು ನಮ್ಮ ಮುಂದೆ ಹೇಳುವಾಗ ಅವರ ಮುಖ ಕಪ್ಪಿಟ್ಟಿತ್ತು.

ಮರುದಿನ ನಮ್ಮನ್ನೆಲ್ಲ ಕಾರಿಡಾರಿಗೆ ಎಬ್ಬಿಸಿದರು. ಹೊಸ ಉಪಾಯವೇನೂ ಇರಲಿಲ್ಲ. ಈಗ ಇರುವ ಹಾದಿಯನ್ನೇ, ಅದರಲ್ಲಿ ಬರೆದಿರುವ ಪ್ರಕಾರವೇ, ಒಂದಿಷ್ಟೂ ಬದಲಿಸದೆ ನಡೆಯೋಣ ಎಂದರು. ಡೇಟಾಬೇಸಿನ ಸಂಪರ್ಕಕ್ಕೆ ಗುರುತಾಗಿ ಏನಾದರೂ ಬೇಕಾಯಿತು. ನಮ್ಮ ಸೆಕ್ಯೂರಿಟಿ ಮಲ್ಲೇಶಂ ಹತ್ತಿರ ಹೊರಗಿನಿಂದ ಬಂದವರಿಗೆ ಹಾಕುವ ಕೆಂಪು ಟ್ಯಾಗುಗಳಿದ್ದವು. ಅವನ್ನು ಡಬ್ಬಿಯ ಸಮೇತ ಎರವಲು ತಂದೆವು. ಒಂದೂ ಕಳೆಯಬಾರದೆಂದು ಮಲ್ಲೇಶಂ ತೆಲುಗಿನಲ್ಲಿ ನೂರು ಸಲ ಹೇಳಿದ. ವರಂಗಲ್ಲಿನ ಇಬ್ಬರು ಗೆಳತಿಯರು ನಮ್ಮ ತಂಡದಲ್ಲಿದ್ದರು. ಒಬ್ಬಳು ಬಾಗಿಲಲ್ಲಿ ನಿಂತು ಬಂದವರಿಗೆ ಟ್ಯಾಗು ಹಾಕಬೇಕು. ನಾನು ನಡುವೆ ನಿಂತು ಬುಕಿಂಗ್ ತೆರೆದಿದೆಯೇ ಎಂದು ನೋಡಬೇಕು. ವೈನಿ ಕೊನೆಯ ಕಿಟಕಿಯ ಬಳಿ ಕೂತು ಟಿಕೆಟ್ ಕೊಡಬೇಕು. ಇನ್ನೊಬ್ಬಳು ಆಚೆ ಹೋಗುವ ದಾರಿಯಲ್ಲಿ ನಿಂತು ಟ್ಯಾಗು ಇಸಿದುಕೊಳ್ಳಬೇಕು.

ಮೊದಲ ರಿಕ್ವೆಸ್ಟ್ ಇಮ್ರಾನ್. ಟ್ಯಾಗು ಹಾಕಿಸಿಕೊಂಡು ನನ್ನ ಮುಂದೆ ಬಂದ. ಬುಕಿಂಗ್ ಇನ್ನೂ ತೆರೆದಿಲ್ಲ, ಆಗಲ್ಲ ಎಂದೆ. ನಮ್ಮ ಹಾದಿಯ ನಿಯಮದ ಪ್ರಕಾರ, ನಡುವಿನ ಕಾಲ್‌ಬ್ಯಾಕ್ ಆಗಲ್ಲ ಎಂದರೆ ರಿಕ್ವೆಸ್ಟ್ ಅಲ್ಲಿಂದಲೇ ನೇರ ಹೊರಗೆ ಹೋಗಿಬಿಡಬೇಕು. ಪಕ್ಕದಲ್ಲೇ ಮೆಟ್ಟಿಲಿತ್ತು. ಇಮ್ರಾನ್‌ಗೆ ಬೆಳಗಿನಿಂದ ಚಹಾ ಇರಲಿಲ್ಲ. ನಿಯಮವೇ ಹೊರಗೆ ಹೋಗು ಎಂದಿರುವಾಗ ಇನ್ನೇನು ಎಂದು ಸಂತೋಷವಾಗಿ ಇಳಿದು ಹೋದ.

ಕೊನೆಯ ಕಿಟಕಿಯಲ್ಲಿ ಕೂತ ವೈನಿ ಬಾರದ ರಿಕ್ವೆಸ್ಟಿಗೆ ಕಾದು ಕಾದು ಬೇಸರಕ್ಕೆ ಹೊರಗೆ ನೋಡಿದರು. ಕೆಳಗೆ ರಸ್ತೆಯಾಚೆ ಇರಾನಿ ಚಹಾದ ಹೋಟೆಲು. ಅದರ ಮುಂದೆ ಇಮ್ರಾನ್ ಬಸಿಯಲ್ಲಿ ಚಹಾ ಸುರಿದು ಊದುತ್ತಿದ್ದ. ಅವನ ಎದೆಯ ಮೇಲೆ ಕೆಂಪು ಟ್ಯಾಗು ತೂಗುತ್ತಿತ್ತು.

ವೈನಿ ನಮ್ಮನ್ನು ಕೈಸನ್ನೆಯಲ್ಲಿ ಕರೆದರು. ದನಿ ಏರಿಸಲಿಲ್ಲ.

“ನೋಡ್ರಿ ಇಲ್ಲೆ. ಅಂವ ಹೊರಗ ಹೋಗ್ಯಾನ. ಕೊಳ್ಳಾಗ ಟ್ಯಾಗ್ ಐತಿ.”

ಮುಂದಿನ ರಿಕ್ವೆಸ್ಟಾಗಿ ಟ್ಯಾಗು ಇಸಿದುಕೊಳ್ಳಲು ಸುಮ್ಮನೆ ಕಾದಿದ್ದವಳನ್ನೇ ಕಳಿಸಿದರು, ಪಕ್ಕದ ತಂಡದವರನ್ನೂ ಕರೆಸಿದರು. ನಾನು ಎಲ್ಲರಿಗೂ ಆಗಲ್ಲ, ಆಗಲ್ಲ ಎಂದೆ. ಎಲ್ಲರೂ ಟ್ಯಾಗು ಸಮೇತ ಮೆಟ್ಟಿಲಿಳಿದರು. ಚಹಾದ ಹೋಟೆಲಿನ ಮುಂದೆ ಕೆಂಪು ಟ್ಯಾಗುಗಳ ಜಾತ್ರೆಯಾಯಿತು. ಕೊನೆಗೆ ಬಾಗಿಲಲ್ಲಿದ್ದವಳು ಖಾಲಿ ಡಬ್ಬಿ ತೋರಿಸಿದಳು. ಟ್ಯಾಗಿಲ್ಲದೆ ಯಾರನ್ನೂ ಒಳಗೆ ಬಿಡುವಂತಿಲ್ಲ. ಬಾಗಿಲಿಗೆ ಬಂದವರು ಅಲ್ಲೇ ನಿಂತರು, ಅವರ ಹಿಂದಿನವರೂ ನಿಂತರು. ನಮ್ಮ ಸೈಟು ಪ್ರತಿ ದಸರೆಗೆ ಹೀಗೇ ನಿಲ್ಲುತ್ತಿತ್ತು ಎಂಬುದು ಎಲ್ಲರಿಗೂ ಒಟ್ಟಿಗೇ ಹೊಳೆಯಿತು.

ಬೇರೆ ದಿನಗಳಲ್ಲಿ ನಡುವೆಯೇ ವಾಪಸು ಹೋಗುವವರು ಕಡಿಮೆ. ಅವರ ಜೊತೆ ಹೋದ ಸಂಪರ್ಕಗಳೂ ಕಡಿಮೆ. ಅದೂ ಅಲ್ಲದೆ ದಿನಾ ಬೆಳಗಿನ ಜಾವ ಸರ್ವರನ್ನು ಒಮ್ಮೆ ಆರಿಸಿ ಮತ್ತೆ ಶುರು ಮಾಡುವ ವಾಡಿಕೆ ನಮ್ಮದು. ಹಾಗೆ ಮಾಡಿದಾಗ ಎಲ್ಲವೂ ಡಬ್ಬಿಗೆ ಬಂದು ಬೀಳುತ್ತಿದ್ದವು, ಕಳೆದದ್ದೇ ಗೊತ್ತಾಗುತ್ತಿರಲಿಲ್ಲ. ದಸರೆಯ ದಿನ ಮಾತ್ರ ಬುಕಿಂಗ್ ತೆರೆಯುವ ಮುಂಚೆಯೇ ಸಾವಿರಾರು ಜನ ಗುಂಡಿ ಒತ್ತುತ್ತಾರೆ, ಎಲ್ಲರಿಗೂ ಇನ್ನೂ ಇಲ್ಲ ಎಂಬ ಉತ್ತರ. ಬುಕಿಂಗ್ ತೆರೆಯುವ ಹೊತ್ತಿಗೆ ಡಬ್ಬಿ ಬರಿದು.

ವೈನಿ ಹಣೆ ಹಣೆ ಬಡಿದುಕೊಂಡು ನಗಲು ಶುರುಮಾಡಿದರು. ಸೋಫಾ ಮಾರುವವರನ್ನೂ ಲಿಫ್ಟಿನ ತನಕ ಕಳಿಸುವ ಹೆಂಗಸು, ತಾವು ಬರೆದ ಹಾದಿಯಲ್ಲಿ ಆಗಲ್ಲ ಎನ್ನಿಸಿಕೊಂಡವರನ್ನು ಹಿತ್ತಿಲ ಮೆಟ್ಟಿಲಿಂದ ಅಟ್ಟಿದ್ದರು.

“ಇದು ನಾನ ಬರದದ್ದು. ಮತ್ತ್ಯಾರೂ ಅಲ್ಲ” ಎಂದರು. ಹಾಗೆಯೇ ಎದ್ದು ಎಂ.ಡಿ. ಸಾರ್ ಕೋಣೆಗೆ ಹೋದರು. ಜನ ಹೆಚ್ಚಾದದ್ದು ಕಾರಣವಲ್ಲ, ಸರ್ವರ್ ಚಿಕ್ಕದಾದದ್ದೂ ಅಲ್ಲ, ಶುರುವಿನಲ್ಲಿ ಅವಸರಕ್ಕೆ ತಾವೇ ಬರೆದ ಒಂದು ನಿಯಮ ಕಾರಣ ಎಂದು ಒಪ್ಪಿಕೊಂಡರು. ಇನ್ನೊಬ್ಬರಾಗಿದ್ದರೆ ಇದನ್ನು ಮುಚ್ಚಿಟ್ಟು ಸದ್ದಿಲ್ಲದೆ ಸರಿಮಾಡುತ್ತಿದ್ದರು, ಹೀಗೆ ಒಪ್ಪಿಕೊಂಡರೆ ನಾನು ಇವತ್ತೇ ಹಾದಿಯನ್ನು ಮುಚ್ಚಬಹುದಲ್ಲ ಎಂದು ಸಾರ್ ಕೇಳಿದರಂತೆ. ಮುಚ್ಚಬಹುದು, ಆದರೆ ದಸರೆಯ ತನಕ ಎಂದು ನೀವೇ ಮಾತು ಕೊಟ್ಟಿದ್ದೀರಿ ಎಂದು ಹೇಳಿ ವೈನಿ ಎದ್ದು ಬಂದರು. ಈ ಹೆಂಗಸಿನ ಧೈರ್ಯಕ್ಕೆ ನಾನು ಅವತ್ತೇ ಮಾರುಹೋದೆ.

ಆಮೇಲಿನ ವಾರಗಳು ನಡಿಗೆಯಲ್ಲೇ ಕಳೆದವು. ವಾಪಸು ಹೋಗುವವರೆಲ್ಲ ಟ್ಯಾಗು ಕೊಟ್ಟೇ ಹೋಗಬೇಕು ಎಂದು ಮೊದಲು ನಿಯಮ ಮಾಡಿದೆವು. ನಡೆದು ನೋಡಿದರೆ ಇನ್ನೊಂದು ತಕರಾರು. ಇಮ್ರಾನ್‌ನನ್ನು ಬಾಗಿಲಲ್ಲೇ, ಟ್ಯಾಗು ಹಾಕುವ ಮುಂಚೆಯೇ ತಡೆದು ಕಳಿಸಿದೆವು. ಹೋಗುವ ದಾರಿಯಲ್ಲಿ ನಿಂತವಳು ಟ್ಯಾಗು ಕೊಡು ಎಂದು ಅವನ ಅಂಗಿ ಹಿಡಿದಳು.

“ವೈನಿ, ನನಗ ಟ್ಯಾಗ್ ಕೊಟ್ಟೇ ಇಲ್ರಿ. ಇಲ್ಲದ್ದು ಎಲ್ಲಿಂದ ಕೊಡ್ಲಿ?” ಎಂದು ಅವನು ಕೈ ಚೆಲ್ಲಿದ.

ವೈನಿ ಕನ್ನಡಕದ ಕಡ್ಡಿ ಕಚ್ಚಿಕೊಂಡು ಸಾಲಿನ ಉದ್ದಕ್ಕೂ ಅತ್ತಿಂದಿತ್ತ ನಡೆದರು. ಹಾಗೆ ನಡೆದಾಡುತ್ತಲೇ ಹೋಗುವ ದಾರಿಯಲ್ಲಿ ನಿಂತವಳನ್ನು ತೋಳು ಹಿಡಿದು ತಂದು ಬಾಗಿಲಲ್ಲಿದ್ದ ಅವಳ ಗೆಳತಿಯ ಪಕ್ಕ ನಿಲ್ಲಿಸಿದರು. ಇಬ್ಬರು ಬೇಡ, ಒಬ್ಬಳೇ ಸಾಕು ಎಂದರು.

“ಕೊಟ್ಟಾಕಿನ ಇಸ್ಕೋಬೇಕು. ಕೊಟ್ಟಿಲ್ಲಂದ್ರ ಕೇಳಂಗಿಲ್ಲ.”

ಅಷ್ಟೇ. ಮುಂಚಿನ ಕೆಲಸ ಬೇರೆ, ಆಮೇಲಿನ ಕೆಲಸ ಬೇರೆ ಎಂದು ನಾವು ಎರಡು ಸಾಲು ಮಾಡಿಕೊಂಡಿದ್ದೆವು. ಅವರು ಎರಡನ್ನೂ ಒಬ್ಬರ ಕೈಗೇ ಕೊಟ್ಟರು. ರಿಕ್ವೆಸ್ಟ್ ಯಾರ್‍ಯಾರನ್ನು ದಾಟಿ ಬಂದಿದೆಯೋ ಅವರನ್ನೇ ಹಿಂದಿನಿಂದ ಮುಂದಕ್ಕೆ ದಾಟಿಕೊಂಡು ಹೊರಗೆ ಹೋಗಬೇಕು. ಕೊನೆಯಲ್ಲಿ ಕಂಡವರನ್ನು ಮೊದಲು ಕಾಣಬೇಕು. ದಾಟದೇ ಇದ್ದವರು ಅದರ ತಂಟೆಗೆ ಹೋಗಬಾರದು. ಒಳಗೆ ನಗುತ್ತಾ ಟಿಕೆಟ್ ತೆಗೆದುಕೊಂಡರೂ ಸರಿ, ನಡುವೆ ತಡೆಸಿಕೊಂಡರೂ ಸರಿ, ದಾರಿಯಲ್ಲೇ ಕುಸಿದು ಬಿದ್ದರೂ ಸರಿ, ಈ ಮರ್ಯಾದೆ ತಪ್ಪಬಾರದು. ಕುಸಿದು ಬೀಳುವುದು ಎಂದರೆ ಪ್ರೋಗ್ರಾಮಿನಲ್ಲಿ ಎಣಿಸದ ದೋಷ ಬಂದು ಕೆಲಸ ಅಲ್ಲೇ ನಿಲ್ಲುವುದು. ಅದನ್ನೂ ನಡೆದು ನೋಡಿದೆವು. ವೈನಿ ಯಾವ ಸೂಚನೆಯನ್ನೂ ಕೊಡದೆ, “ಇಲ್ಲೇ ಬೀಳು” ಎನ್ನುತ್ತಿದ್ದರು. ಬಿದ್ದವರ ಬಳಿಗೆ ಯಾರು ಮೊದಲು ಬರುತ್ತಾರೆ ಎಂದು ನೋಡುತ್ತಿದ್ದರು. ತಪ್ಪಾದರೆ ಮತ್ತೆ ಮೊದಲಿಂದ. ಸರಿಯಾದರೆ ಅಂಗೈಯಿಂದ ಮೇಜನ್ನು ಒಮ್ಮೆ ಬಡಿದು ‘ಭೇಷ್’ ಎನ್ನುತ್ತಿದ್ದರು. ಆ ಬಡಿತಕ್ಕೆ ಲೋಟದ ಚಹಾ ಚೆಲ್ಲುತ್ತಿತ್ತು. ಆ ಒಂದು ‘ಭೇಷ್’ಗೋಸ್ಕರ ನಾನು ನೆಲದ ಮೇಲೆ ಎಷ್ಟು ಸಲ ಬಿದ್ದಿದ್ದೇನೆ ಎಂದು ಮನೆಯಲ್ಲಿ ಹೇಳಿಲ್ಲ.

ದಸರೆಯ ಬುಕಿಂಗ್ ಬೆಳಿಗ್ಗೆ ಹತ್ತಕ್ಕೆ ತೆರೆಯುವುದಿತ್ತು. ನಾವು ಐವರೂ ಅದಕ್ಕೆ ಮುಂಚೆಯೇ ಪರದೆಯ ಮುಂದೆ ಕೂತೆವು. ಡಬ್ಬಿಯಲ್ಲಿ ಎಷ್ಟು ಟ್ಯಾಗು, ಅಂದರೆ ಎಷ್ಟು ಸಂಪರ್ಕ, ಉಳಿದಿವೆ ಎಂದು ತೋರಿಸುವ ಒಂದು ಗೆರೆ ಅದರಲ್ಲಿ ಓಡುತ್ತಿತ್ತು. ಎಂ.ಡಿ. ಸಾರ್ ಬಂದು ಹಿಂದೆ ಕೈಕಟ್ಟಿ ನಿಂತರು. ವೈನಿ ಪರದೆಗೆ ಬೆನ್ನು ಹಾಕಿ ಕಿಟಕಿಯ ಕಡೆ ಮುಖ ಮಾಡಿ ಕೂತರು. ನೀನು ನೋಡಿ ಹೇಳು ಎಂದು ನನಗೆ ಹೇಳಿದರು. ಅವರಿಗೂ ಹೆದರಿಕೆಯಾಗುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತು.

ಒಂಬತ್ತೂವರೆಯಿಂದಲೇ ಜನ ಮುತ್ತಿದರು. ಗೆರೆ ಇಳಿಯತೊಡಗಿತು. ಇಳಿಯುತ್ತಿದೆ ಎಂದೆ. ಇನ್ನೂ ಇಳಿಯುತ್ತಿದೆ ಎಂದೆ. ಹೋದ ವರ್ಷ ಇದೇ ಹೊತ್ತಿಗೆ ನಮಗೆ ಗೊತ್ತಿಲ್ಲದೆಯೇ ಡಬ್ಬಿ ಬರಿದಾಗಿತ್ತು. ಗೆರೆ ತಳದ ಹತ್ತಿರಕ್ಕೆ ಬಂದು, ಅಲ್ಲಿಂದ ಪುಟಿದು, ಮೇಲಕ್ಕೆ ಹತ್ತಿತು. ಮತ್ತೆ ಇಳಿಯಿತು, ಮತ್ತೆ ಹತ್ತಿತು. ತಿರುಗಿ ಕಳಿಸಿದವರೆಲ್ಲ ಟ್ಯಾಗು ಕೊಟ್ಟು ಹೋಗುತ್ತಿದ್ದರು. ಇಮ್ರಾನ್ ಚಪ್ಪಾಳೆ ತಟ್ಟಲು ಕೈ ಎತ್ತಿದ. ಇನ್ನೂ ಹತ್ತಾಗಿಲ್ಲ, ಕೈ ಕೆಳಗಿಳಿಸು ಎಂದು ವೈನಿ ತಿರುಗದೆಯೇ ಹೇಳಿದರು. ಇವನು ಕೈ ಎತ್ತಿದ್ದು ಅವರಿಗೆ ಕಿಟಕಿಯ ಗಾಜಿನಲ್ಲಿ ಕಂಡಿತ್ತು. ಅಂದರೆ ಪರದೆಯೂ ಕಾಣುತ್ತಿತ್ತು ಎಂದಾಯಿತು.

ಹತ್ತಾಯಿತು. ಸೀಟುಗಳು ಒಂದರ ಹಿಂದೊಂದು ಹೋದವು. ಮಧ್ಯಾಹ್ನ ಊಟದ ಹೊತ್ತಿಗೆ ಆ ದಿನದ ಬಸ್ಸೆಲ್ಲ ತುಂಬಿದವು, ಸೈಟು ಒಂದೇ ಒಂದು ಸಲವೂ ತಡವರಿಸಲಿಲ್ಲ. ಸೀಟು ಸಿಗದವರಿಗೂ ತಡವಿಲ್ಲದೆ ಉತ್ತರ ಹೋಯಿತು, ಮಾರನೆಯ ದಿನದ ಬಸ್ಸುಗಳ ವಿವರವೂ ಹೋಯಿತು. ಬಸ್ ಕಂಪನಿಯಿಂದ ಸಾರ್‌ಗೆ ಫೋನು ಬಂತು. ಅವರು ಮಾತಾಡುತ್ತಾ ಮಾತಾಡುತ್ತಾ ನೆಟ್ಟಗಾದರು, ಆಮೇಲೆ ಫೋನಿಟ್ಟು ವೈನಿ ಮೇಡಂಗೆ ಎರಡೂ ಕೈ ಜೋಡಿಸಿದರು. ಹಾದಿ ಎಲ್ಲೂ ಹೋಗುವುದಿಲ್ಲ, ಉಳಿದ ತಂಡದವರೂ ಬಂದು ಇವರ ಹತ್ತಿರ ನಡೆಯುವುದನ್ನು ಕಲಿಯಲಿ ಎಂದು ಎಲ್ಲರ ಮುಂದೆ ತೆಲುಗಿನಲ್ಲಿ ಹೇಳಿದರು. ನಾವು ಕುಣಿದೆವು. ನಿಜವಾಗಿಯೂ ಕುಣಿದೆವು. ಕಾರಿಡಾರಿನಲ್ಲಿ ಇಮ್ರಾನ್ ನನ್ನ ಕೈಹಿಡಿದು ತಿರುಗಿಸಿದ ರಭಸಕ್ಕೆ ಒಂದು ಹೂಕುಂಡ ಹೋಯಿತು. ಆ ಸಲಹೆಗಾರರ ಮುಖ ನೋಡಬೇಕೆಂದು ನನಗೆ ಆಸೆಯಿತ್ತು, ಅದೊಂದು ಈಡೇರಲಿಲ್ಲ.

ಟಿಕೆಟ್ಟಿನ ಸುದ್ದಿ ತಿಳಿಸಲು ವೈನಿ ಹೇಳಿದ್ದರು, ಸಂಜೆ ದೇವಮ್ಮನ ಫೋನು ಬಂತು. ವೈನಿ ಸ್ಪೀಕರಿಗೆ ಹಾಕಿದರು.

“ಇವತ್ತಿಂದು ಇಲ್ಲ ಅಂತ ಜಲ್ದಿ ಹೇಳ್ತ್ರಿ ಅಕ್ಕಾರ. ನಾಳಿಂದು ತಗೊಂಡ್ವಿ. ಹಬ್ಬಕ್ಕ ಊರಾಗಿರ್ತೀವಿ.”

ಬಸ್ ಕಂಪನಿಯ ಫೋನಿಗಿಂತ ಇಲ್ಲವೆನ್ನಿಸಿಕೊಂಡವರ ಈ ಫೋನು ವೈನಿಗೆ ಹೆಚ್ಚು ಹಿತವಾಯಿತು. ಅವರ ಕಣ್ಣು ತುಂಬಿತ್ತು, ಅದನ್ನು ಮರೆಸಲು ಅವರೇನೂ ಕಷ್ಟಪಡಲಿಲ್ಲ.

ಇನ್ನು ಹೋದ ತಿಂಗಳ ಮಾತು. ಬೀಳ್ಕೊಡುಗೆಯಲ್ಲಿ ಭಾಷಣ ಬೇಡವೆಂದು ವೈನಿ ಮೊದಲೇ ಹೇಳಿದ್ದರು. ಹಾಗಾದರೆ ನಡೆಯಿರಿ ಎಂದೆವು. ಅವರು ಇಷ್ಟು ವರ್ಷ ನಮ್ಮನ್ನು ನಡೆಸಿದ್ದರು, ತಾವು ಒಮ್ಮೆಯೂ ರಿಕ್ವೆಸ್ಟ್ ಆಗಿರಲಿಲ್ಲ. ಆ ದಿನ ಬಾಗಿಲಲ್ಲಿ ಮಲ್ಲೇಶಂ ಅವರ ಕೊರಳಿಗೆ ಕೆಂಪು ಟ್ಯಾಗು ಹಾಕಿದ. ಇಮ್ರಾನ್ ಅವರ ಕೈಚೀಲ ಇಸಿದುಕೊಂಡ. ನಾನು ಅವರ ಕೈಗೆ ಒಂದು ಗುಲಾಬಿ ಕೊಟ್ಟೆ. ನನ್ನ ನಂತರ ವರಂಗಲ್ಲಿನ ಗೆಳತಿಯರು ಸಿಹಿಯ ತಟ್ಟೆ ಹಿಡಿದು ನಿಂತಿದ್ದರು. ಕಿಟಕಿಯ ಬಳಿ ಎಂ.ಡಿ. ಸಾರ್ ಶಾಲು, ಹಾರ ಹಿಡಿದು ಕಾಯುತ್ತಿದ್ದರು.

ವೈನಿ ನನ್ನನ್ನು ದಾಟಿ ಎರಡು ಹೆಜ್ಜೆ ಹೋದವರು ತಟ್ಟನೆ ಅಲ್ಲಿದ್ದ ಕುರ್ಚಿಯ ಮೇಲೆ ಕುಸಿದು ಕೂತರು. ಅವರು ಕನ್ನಡಕ ತೆಗೆದು ಕಡ್ಡಿ ಕಚ್ಚಿಕೊಂಡರು.

“ನಾ ಇಲ್ಲೇ ಬಿದ್ದೆ” ಎಂದರು.

ಎಂ.ಡಿ. ಸಾರ್ ಗಾಬರಿಯಿಂದ ಶಾಲು ಹಿಡಿದು ಮುಂದೆ ಬಂದರು. ಇಮ್ರಾನ್ ಉದ್ದನೆಯ ಕೈ ಚಾಚಿ ಅವರನ್ನು ತಡೆದ. ಸಾರ್, ನೀವು ಬೇಡ, ಅವರು ನಿಮ್ಮ ತನಕ ಬಂದೇ ಇಲ್ಲ ಎಂದು ತೆಲುಗಿನಲ್ಲಿ ಹೇಳಿದ. ಗೆಳತಿಯರು ತಟ್ಟೆ ಹಿಡಿದು ನಿಂತಲ್ಲೇ ನಿಂತರು. ಅವರನ್ನು ಕೊನೆಗೆ ಕಂಡವಳು ನಾನು, ಹಾಗಾಗಿ ಮೊದಲು ಹೋಗಬೇಕಾದವಳೂ ನಾನೇ. ಹೋಗಿ ಗುಲಾಬಿ ವಾಪಸು ತೆಗೆದುಕೊಂಡೆ. ಆಮೇಲೆ ಇಮ್ರಾನ್ ಬಂದು ಕೈಚೀಲ ಕೊಟ್ಟ. ಮಲ್ಲೇಶಂಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನಾವು ಕಣ್ಣಲ್ಲೇ ಕರೆದೆವು. ಅವನು ಬಾಗಿಲಿನಿಂದ ನಡೆದು ಬಂದು, ಬಗ್ಗಿ ಅವರ ಕೊರಳಿನಿಂದ ಟ್ಯಾಗು ತೆಗೆದುಕೊಂಡ.

ವೈನಿ ಪಕ್ಕದ ಮೇಜನ್ನು ಅಂಗೈಯಿಂದ ಬಡಿದರು. ಚಹಾ ಚೆಲ್ಲಿತು.

“ಭೇಷ್. ಈಗ ಇನ್ನೊಂದು ರಿಕ್ವೆಸ್ಟ್ ಬರ್ತೈತಿ ತಡೀರಿ” ಎಂದು ಎದ್ದು ಬಾಗಿಲಿಗೆ ಹೋಗಿ, ಮತ್ತೆ ಹೊಸದಾಗಿ ಟ್ಯಾಗು ಹಾಕಿಸಿಕೊಂಡು, ಈ ಸಲ ಕಿಟಕಿಯ ತನಕ ಬಂದು ಶಾಲು ಹೊದಿಸಿಕೊಂಡರು. ಕಾರಿಡಾರು ತುಂಬ ಚಪ್ಪಾಳೆ.

ಸಂಜೆ ಅವರನ್ನು ಕಳಿಸಲು ಲಿಫ್ಟಿನ ತನಕ ಹೋದೆವು. ಅಲ್ಲಿಂದ ಗೇಟಿನ ತನಕ, ಗೇಟಿನಿಂದ ಮೆಟ್ರೊ ಮೆಟ್ಟಿಲಿನ ತನಕ, ಕೊನೆಗೆ ಕಾರ್ಡು ಮುಟ್ಟಿಸಿ ಒಳಗೆ ಹೋಗುವ ಗೇಟಿನ ತನಕ. ಅಲ್ಲಿಂದಾಚೆಗೆ ನಮ್ಮನ್ನು ಬಿಡುವಂತಿರಲಿಲ್ಲ. ವೈನಿ ಕಾರ್ಡು ಮುಟ್ಟಿಸಿ ಆಚೆ ಹೋದರು. ಹಾರ ಶಾಲುಗಳ ನಡುವೆ ಅವರ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ನಾವು ಅಲ್ಲೇ ನಿಂತಿದ್ದೆವು. ಎಸ್ಕಲೇಟರ್ ಹತ್ತುವ ಮುಂಚೆ ಅವರು ತಿರುಗಿ ನೋಡಿದರು. ನಾವು ಒಬ್ಬರೂ ಕದಲಿರಲಿಲ್ಲ.

“ಕಳಸೋದು ಬಂತು ನಿಮಗ” ಎಂದರು.

ಆ ಗದ್ದಲದಲ್ಲೂ ಅದು ನಮ್ಮೆಲ್ಲರಿಗೂ ಕೇಳಿಸಿತು. ಅವರ ರೈಲು ಮಿಯಾಪುರದ ಕಡೆ ಹೊರಟ ಮೇಲೆಯೇ ನಾವು ತಿರುಗಿ ನಡೆದೆವು.